ಏಳು ಪೌಂಡ್

ಜುಲೈ 6, ಬುಧವಾರ, ಮಧ್ಯಾಹ್ನ

ಇವತ್ತೂ ಮಳೆ ಇಲ್ಲ. ಗುಡ್ಡದ ಹುಲ್ಲು ಕೈಯಲ್ಲಿ ಹಿಡಿದರೆ ಪುಡಿ. ಬೆಂಕಿ ಆರಿಸುವ ಟ್ರಕ್ಕಿನಲ್ಲಿ ಇಂಜಿನ್ನಿಗೆ ಪೆಟ್ರೋಲು ಉಣಿಸುವ ಹಳೆ ಕಾರ್ಬ್ಯುರೇಟರ್ ಬಿಚ್ಚಿದೆ — ಇನ್ನು ರಿಪೇರಿ ಆಗುವ ಮಾತಲ್ಲ. ಸೈನ್ಯದವರು ಬೇಡವೆಂದ ಟ್ರಕ್ಕು, ಬೆನ್ನ ಮೇಲೆ ನೀರಿನ ಟ್ಯಾಂಕು. ಇಡೀ ಊರಿಗೆ ಅದೊಂದೇ. ಓಡಿಸುವವನು ನನ್ನ ಗಂಡ ಲೀಲೆಂಡ್. ರಿಪೇರಿ ನನ್ನದು. ಸಂಬಳ ಇಬ್ಬರಿಗೂ ಇಲ್ಲ.

ಧಾನ್ಯದ ಗೋದಾಮಿನ ಆರ್ವಿಲ್ ಬೇರೊಂದು ಕಾರ್ಬ್ಯುರೇಟರ್ ತಂದುಕೊಟ್ಟ. ಪುಟ್ಟದು, ಯಾವುದೋ ವಿದೇಶಿ ಕಾರಿನದು. ಪುಕ್ಕಟೆ. ಪುಕ್ಕಟೆ ಬಂದದ್ದನ್ನು ಬೇಡ ಅನ್ನುವ ರೂಢಿ ನೆಬ್ರಾಸ್ಕಾದ ಈ ಮೂಲೆಯಲ್ಲಿ ಇಲ್ಲ. ಒಂದೇ ತೊಂದರೆ. ಇದರೊಳಗೆ ಪೆಟ್ರೋಲಿಗೆ ಅಡ್ಡ ನಿಲ್ಲುವ ಸೂಜಿ ತಡೆಯುವುದು ಮೂರು ಪೌಂಡ್ ಒತ್ತಡ. ನಮ್ಮ ಪಂಪು ತಳ್ಳುವುದು ಏಳು. ಸೂಜಿ ಸೋತರೆ ಪೆಟ್ರೋಲು ಉಕ್ಕುತ್ತದೆ, ಇಂಜಿನ್ ಅದರಲ್ಲೇ ಮುಳುಗಿ ನಿಲ್ಲುತ್ತದೆ. ನಡುವೆ ಒತ್ತಡ ಇಳಿಸುವ ರೆಗ್ಯುಲೇಟರ್ ಬೇಕು. ತರಿಸಲು ಹೇಳಿದ್ದೇನೆ.

"ಮೂರೋ ಏಳೋ, ಪೆಟ್ರೋಲು ಪೆಟ್ರೋಲೇ ಕಣಮ್ಮ," ಅಂದ ಆರ್ವಿಲ್.

"ನಿನ್ ಬಾಯಿಗೂ ಒಂದು ರೆಗ್ಯುಲೇಟರ್ ತರಿಸ್ತೀನಿ, ತಾಳು."

ಲೀಲೆಂಡ್ ನಕ್ಕೂ ನಕ್ಕೂ ಕೆಮ್ಮಿದ.

ಜುಲೈ 9, ಶನಿವಾರ

ನಾಳೆ ಅಗ್ನಿಶಾಮಕ ಶೆಡ್ಡಿನಲ್ಲಿ ಪ್ಯಾನ್‌ಕೇಕ್ ತಿಂಡಿ. ವರ್ಷಕ್ಕೊಮ್ಮೆ ಊರೆಲ್ಲ ಬಂದು ತಿಂದು ಡಬ್ಬಿಗೆ ಕೈಲಾದಷ್ಟು ಹಾಕುತ್ತಾರೆ. ಟ್ರಕ್ಕು ಬಾಗಿಲಲ್ಲಿ ನಿಂತು ಸೈರನ್ ಕೂಗಲೇಬೇಕು. ರೆಗ್ಯುಲೇಟರ್ ಬಂದಿಲ್ಲ. ಪುಟ್ಟ ಕಾರ್ಬ್ಯುರೇಟರನ್ನು ಹಾಗೇ ಕೂರಿಸಿದೆ.

ಆರ್ವಿಲ್‌ನ ಒತ್ತಡದ ಗೇಜು ಹಚ್ಚಿ ನೋಡಿದೆ. ಅವನು ಪೆಡಲ್ ತುಳಿದು ಗುರ್ ಅನ್ನಿಸಿದಾಗ ಮುಳ್ಳು ನಾಲ್ಕರಲ್ಲಿತ್ತು. ಕಾಲು ತೆಗೆದ. ಇಂಜಿನ್ ನಿಧಾನಕ್ಕೆ ಓಡತೊಡಗಿತು. ಮುಳ್ಳು ಮೆಲ್ಲಗೆ ಏಳಕ್ಕೆ ಹತ್ತಿತು.

"ಹಳೇ ಗೇಜು. ಅದರ ಮಾತು ಕೇಳ್ಬೇಡ," ಅಂದ.

ಗೇಜಿನ ಮಾತು ಕೇಳಲಿಲ್ಲ. ಹಿಟ್ಟು ಕಲಸುವುದಿತ್ತು.

ಜುಲೈ 10, ಭಾನುವಾರ, ಸಂಜೆ

ಜನಜಾತ್ರೆ. ಟ್ರಕ್ಕು ಬೆಳಿಗ್ಗೆಯೆಲ್ಲ ನಿಂತಲ್ಲೇ ಓಡಿತು. ಹತ್ತಿರ ಹೋದರೆ ಪೆಟ್ರೋಲಿನ ವಾಸನೆ. ಕಾರ್ಬ್ಯುರೇಟರ್ ಬುಡ ಒದ್ದೆ. ಬಟ್ಟೆಯಲ್ಲಿ ಒರೆಸಿದೆ. ಯಾರಿಗೂ ತಿಳಿಯಲಿಲ್ಲ — ಬೇಕನ್ ಮಾಂಸ ಹುರಿಯುವ ಹೊಗೆಯೇ ಅಷ್ಟಿತ್ತು.

ಜುಲೈ 14

ರೆಗ್ಯುಲೇಟರ್ ಬಂತು. ನನ್ನ ಅಂಗೈಯೊಳಗೆ ಮುಚ್ಚಿಹೋಗುವಷ್ಟು ಸಣ್ಣದು. ಆದರೆ ಹುಲ್ಲಿನ ಕೊಯ್ಲು ಶುರುವಾಗಿದೆ, ಹುಲ್ಲು ಕಟ್ಟುವ ಯಂತ್ರ ಮುರಿದು ಬಿದ್ದಿದೆ, ಒಂದು ಹೊತ್ತೂ ಬಿಡುವಿಲ್ಲ. ಲೀಲೆಂಡನಿಗೆ ಹೇಳಿದೆ, ಟ್ರಕ್ಕಿಗೆ ಇದನ್ನು ಹಾಕುವವರೆಗೆ ನನಗೆ ಸಮಾಧಾನವಿಲ್ಲ ಅಂತ.

"ಓಡ್ತಾ ಇದೆಯಲ್ಲೇ ಅದು. ಕೊಯ್ಲು ಮುಗೀಲಿ. ನೀನು ಕೈಯಿಟ್ಟಿದ್ದು ಯಾವತ್ತು ಕೆಟ್ಟಿದೆ?"

ಹೊಗಳಿದ್ದಕ್ಕೆ ಉಬ್ಬಿದೆ. ಶೆಲ್ಫಿನ ಮೇಲಿಟ್ಟೆ.

ಆಗಸ್ಟ್ 2

ಲೀಲೆಂಡನನ್ನು ಮಣ್ಣು ಮಾಡಿ ಬಂದ ಮೇಲೆ ಇವತ್ತೇ ಪೆನ್ನು ಹಿಡಿದದ್ದು.

ಸಿಡಿಲು ಬಡಿದು ರೈಲು ಹಳಿಯಾಚೆಯ ಗುಡ್ಡಕ್ಕೆ ಬೆಂಕಿ ಬಿತ್ತು. ಲೀಲೆಂಡ್, ಪಕ್ಕದ ಮನೆಯ ಕರ್ಟ್ ಇಬ್ಬರೂ ಹೋದರು. ಟ್ರಕ್ಕನ್ನು ಇಳಿಜಾರಿನಲ್ಲಿ ನಿಲ್ಲಿಸಿ, ಇಂಜಿನ್ ಓಡುತ್ತಿರಲು ಬಿಟ್ಟು, ಪೈಪು ಎಳೆದು ನೀರು ಹಾಯಿಸುತ್ತಿದ್ದರು. ಗಾಳಿ ತಿರುಗಿತು. ಓಡಿಬಂದು ಹತ್ತುವಷ್ಟರಲ್ಲಿ ಇಂಜಿನ್ ನಿಂತಿತ್ತು. ಮತ್ತೆ ಸ್ಟಾರ್ಟ್ ಆಗಲಿಲ್ಲ. ಕರ್ಟ್ ಆಗಲೇ ಸುಟ್ಟು ಕಪ್ಪಾಗಿದ್ದ ನೆಲದ ಕಡೆಗೆ ಓಡಿ ಉಳಿದ. ಲೀಲೆಂಡ್ ಸ್ಟಿಯರಿಂಗ್ ಹಿಂದೆಯೇ...

ಬೆಂಕಿ ಟ್ರಕ್ಕು ಕೆಲಸ ಮಾಡುವುದು ನಿಂತುಕೊಂಡು. ನಿಂತಾಗಲೇ ಒತ್ತಡ ಏಳಕ್ಕೇರುವುದು. ಗೇಜು ನನಗೆ ಅದನ್ನೇ ಹೇಳಿತ್ತು.

ರೆಗ್ಯುಲೇಟರ್ ಇನ್ನೂ ಶೆಲ್ಫಿನ ಮೇಲೆ ಇದೆ. ಪ್ಲಾಸ್ಟಿಕ್ ಸಹ ಬಿಚ್ಚಿಲ್ಲ.

ಆಗಸ್ಟ್ 5, ಬೆಳಿಗ್ಗೆ

ಸರ್ಕಾರದಿಂದ ತನಿಖೆಯವನು ಬಂದಿದ್ದ. ಒಳ್ಳೆಯ ಮನುಷ್ಯ, ಟೋಪಿ ತೆಗೆದು ಮಾತಾಡಿದ. ಸುಟ್ಟ ಟ್ರಕ್ಕಿನಲ್ಲಿ ನೋಡಲು ಏನೂ ಉಳಿದಿಲ್ಲವಂತೆ. ಬೆಂಕಿಯ ಝಳಕ್ಕೆ ಪೈಪಿನಲ್ಲೇ ಪೆಟ್ರೋಲು ಆವಿಯಾಗಿ ಇಂಜಿನ್ ನಿಂತಿರಬೇಕು, ಯಾರ ತಪ್ಪೂ ಅಲ್ಲ ಅಂದ. ಅಡುಗೆಮನೆಯಲ್ಲಿ ಕೂತವರೆಲ್ಲ ತಲೆಯಾಡಿಸಿದರು.

"ರೆಗ್ಯುಲೇಟರ್ ಹಾಕಿರ್ಲಿಲ್ಲ ನಾನು," ಅಂದೆ. "ಮುಳುಗಿ ನಿಂತಿದ್ದು ಅದು."

"ವರ್ನಾ, ಕಾಫಿ ಆರ್ತಾ ಇದೆ. ಕುಡಿ," ಅಂದ ಆರ್ವಿಲ್.

"ನೀನೂ ನೋಡಿದ್ಯಲ್ಲ ಗೇಜು?"

"ಹಳೇ ಗೇಜಮ್ಮ ಅದು." ಅವನ ಕಣ್ಣಲ್ಲಿ ನೀರು. ನೆಲ ನೋಡುತ್ತಿದ್ದ.

ತನಿಖೆಯವನು ಕಾಗದ ಮಡಿಚಿಕೊಂಡು ಹೋದ. ಬಂದವರೆಲ್ಲ ಬೇಯಿಸಿ ತಂದ ಪಾತ್ರೆಗಳಿಂದ ಫ್ರಿಜ್ಜಿನ ಬಾಗಿಲು ಹಾಕಲಾಗುತ್ತಿಲ್ಲ. ಒಬ್ಬರಾದರೂ ಮುಖಕ್ಕೆ ಉಗಿದಿದ್ದರೆ ಎರಡು ತುತ್ತು ಇಳಿಯುತ್ತಿತ್ತೇನೋ.

ಆಗಸ್ಟ್ 13

ಕರ್ಟ್ ಆಸ್ಪತ್ರೆಯಿಂದ ಬಂದ. ಎರಡೂ ಕೈಗೆ ಬ್ಯಾಂಡೇಜು. ಕಾಫಿ ಲೋಟ ನಾನೇ ಹಿಡಿದು ಕುಡಿಸಿದೆ. ನನಗೆ ಸಮಾಧಾನ ಹೇಳಲು ಬಂದವನು ಪಾಪ.

"ಬಾ ಮಾರಾಯ, ಇಳಿ, ಓಡೋಣ ಅಂತ ಕೂಗ್ದೆ ಅಕ್ಕ. ಅವ್ನು ಕೀ ತಿರುಗಿಸ್ತಾನೇ ಇದ್ದ. ನನ್ ಕಡೆ ತಿರುಗಿ, ಹೆದರ್ಬೇಡ್ವೋ, ವರ್ನಾ ಕೈಯಾರೆ ಮಾಡಿದ್ದು, ಇನ್ನೊಂದ್ ಸಲಕ್ಕೆ ಹತ್ತೇ ಹತ್ತುತ್ತೆ ಅಂದ. ನಿಂಗೆ ತಿಳಿದಿರ್ಲಿ ಅಂತ ಹೇಳ್ದೆ. ಕೊನೇವರೆಗೂ ನಿನ್ ಮೇಲೆ ಅಷ್ಟು ನಂಬಿಕೆ."

ಒಳ್ಳೆಯದೇ ಹೇಳಿದೆ ಎಂದುಕೊಂಡು ಹೋದ. ಬಾಗಿಲು ಹಾಕಿ ಅಲ್ಲೇ ನೆಲದ ಮೇಲೆ ಕೂತೆ.

ನನ್ನನ್ನು ಸ್ವಲ್ಪ ಕಡಿಮೆ ನಂಬಿದ್ದರೆ ಇಳಿದು ಓಡುತ್ತಿದ್ದ. ಬದುಕುತ್ತಿದ್ದ.

ಆಗಸ್ಟ್ 27, ಬೆಳಿಗ್ಗೆ

ಪಕ್ಕದ ಊರಿನವರು ತಮ್ಮ ಹಳೆಯ ಟ್ರಕ್ಕು ಕೊಟ್ಟಿದ್ದಾರೆ. ಪುಕ್ಕಟೆ. ಆರ್ವಿಲ್ ನನ್ನ ಅಂಗಳಕ್ಕೇ ತಂದು ನಿಲ್ಲಿಸಿದ. ಕರ್ಟ್ ಓಡಿಸುತ್ತಾನಂತೆ, ಕೈ ವಾಸಿಯಾದ ಮೇಲೆ.

"ನೀನೊಂದ್ ಸಲ ನೋಡ್ಬಿಟ್ರೆ ನಮಗೆಲ್ಲ ಧೈರ್ಯ ಕಣಮ್ಮ," ಅಂದ.

ಇದಕ್ಕೂ ಮೂರು ಪೌಂಡೇ ಮಿತಿ; ರೆಗ್ಯುಲೇಟರಿನ ಪ್ಲಾಸ್ಟಿಕ್ ಬಿಚ್ಚಿ ಕೂರಿಸಿದೆ. ಗೇಜು ಹಚ್ಚಿದೆ. ಯಾರಿಗೂ ಪೆಡಲ್ ಮುಟ್ಟಲು ಬಿಡದೆ ಇಂಜಿನ್ ನಿಂತಲ್ಲೇ ಓಡಲು ಬಿಟ್ಟೆ. ಮೂರು. ಎಷ್ಟು ಹೊತ್ತಾದರೂ ಮೂರೇ. ಸ್ಪ್ಯಾನರ್ ಕೆಳಗಿಟ್ಟು, ಕೈ ತೊಳೆದು ಬರುತ್ತೇನೆಂದು ಒಳಗೆ ಬಂದೆ.

ಹೊರಗೆ ಇಂಜಿನ್ ಇನ್ನೂ ಓಡುತ್ತಿದೆ. ಆರ್ವಿಲ್ ಕಿಟಕಿಯ ಹತ್ತಿರ ಬಂದು ಕೇಳುತ್ತಿದ್ದಾನೆ — ಸರಿಯಾಗಿದೆಯಾ ವರ್ನಾ, ಕರ್ಟ್‌ಗೆ ಹೇಳ್ಲಾ?

ಮುಳ್ಳು ಮೂರರಲ್ಲೇ ಇತ್ತು. ಸರಿಯಾಗಿದೆ ಅಂದರೆ ಸಾಕು. ನಂಬಿಬಿಡುತ್ತಾರೆ. ನಾನು ಇನ್ನೂ ಬರೆಯುತ್ತಲೇ ಇದ್ದೇನೆ.