ಇಂಗ್ಲೆಂಡಿನ ಅಜ್ಜಿ ತೋರಿಸಿದ ದಾರಿ

ರೀ,

ಕಂಪ್ಯೂಟರುಗಳ ವೈಟುಕೆ ಟೆಸ್ಟಿಂಗ್ ಇದೆ, ಆಫೀಸಿಗೆ ಹೊರಟೆ. ರೊಟ್ಟಿ, ಪುಂಡಿಪಲ್ಲೆ ಒಲೆ ಮೇಲಿವೆ. ಮಾವನವರು ಮತ್ತೆ ಮಲಗಿದ್ದಾರೆ, ಎಬ್ಬಿಸಬೇಡಿ.

ಇಂಗ್ಲೆಂಡಿನ ಹಳ್ಳಿಗಳಲ್ಲಿ ವಾರವಿಡೀ ಆರಾಮಾಗಿ ಸೈಕಲ್ ತುಳಿದು ನಿನ್ನೆ ಬಂದರಲ್ಲ, ಅಲ್ಲಿನ ಸಪಾಟು ಹೊಲಗಳು ಅವರಿಗೆ ಥೇಟ್ ನಮ್ಮೂರು ಸಿಂದಗಿಯಂತೆ ಕಂಡವಂತೆ. ದಾರಿ ತಪ್ಪಿದಾಗ ಮೈಮರೆತು, ಬಿಳಿ ಅಜ್ಜಿಯೊಬ್ಬಳನ್ನು ಕನ್ನಡದಲ್ಲೇ ಕೇಳಿಬಿಟ್ಟರಂತೆ. ಆಕೆ ಸರಿಯಾದ ದಾರಿಯನ್ನೇ ತೋರಿಸಿದಳಂತೆ. “ಆಕಿಗೆ ಹೆಂಗ ತಿಳೀತವಾ?” ಎಂದು ಬೆಳಿಗ್ಗೆ ನನ್ನನ್ನು ಮೂರು ಸಲ ಕೇಳಿದರು.

ನಗಬೇಕೋ, ಡಾಕ್ಟರಿಗೆ ತೋರಿಸಬೇಕೋ ತಿಳಿಯುತ್ತಿಲ್ಲ. ಈಗ ನಿಮ್ಮ ಸೈಕಲ್ ಬೇಕಂತೆ. “ಎಲ್ಲಿಗ್ರೀ?” ಅಂದೆ. “ಎಲ್ಲಿಗೂ ಇಲ್ಲವಾ, ಸುಮ್ನ” ಅಂದರು. ಸುಮ್ಮನೆ ಹೋಗಿ ರೂಟ್ ಒನ್ ಹೈವೇಗೆ ಇಳಿದರೆ? ಅವರ ಮುಖ ನೋಡಿ ಬೇಡ ಅನ್ನಲೂ ಆಗಲಿಲ್ಲ. ಸೈಕಲ್ಲಿನ ಬೀಗದ ಕೈ ನನ್ನ ಪರ್ಸಿನಲ್ಲಿದೆ. ಕೇಳಿದರೆ, ನಂದಾ ಮರೆತು ಒಯ್ದಳು ಅನ್ನಿ.