ನನ್ನ ಸಹಿ ಸಾಕಾಯಿತು, ನಾನು ಸಾಲಲಿಲ್ಲ

ಪಾಸ್‌ಪೋರ್ಟ್ ಕಚೇರಿಯ ಮಾನ್ಯ ಅಧಿಕಾರಿಗಳೇ,

ನನ್ನ ಏಳು ವರ್ಷದ ಮಗಳು ಪ್ರಾಚಿಯನ್ನು ಅವಳ ಅಪ್ಪ ನನ್ನ ಒಪ್ಪಿಗೆಯಿಲ್ಲದೆ ಮಸ್ಕತ್ತಿಗೆ ಕರೆದೊಯ್ಯಲು ಸಿದ್ಧರಾಗಿದ್ದಾರೆ. ಅವಳು ಇನ್ನೂ ನಾಶಿಕದಲ್ಲೇ ಇದ್ದಾಳೆ. ನಾನು ಹೋದಲ್ಲೆಲ್ಲ ಕೇಳಿದ್ದನ್ನು ನೋಡಿದರೆ ಅವಳಿನ್ನೂ ಹೋಗಿಲ್ಲ ಎಂಬುದೇ ನನ್ನ ದೂರಿನ ದೊಡ್ಡ ಕೊರತೆ.

ನಾನು ವಿಜಯಪುರದವಳು, ಬ್ಯಾಂಕ್ ಅಧಿಕಾರಿ. ವರ್ಗಾವಣೆಯಾಗಿ ಎರಡು ವರ್ಷದಿಂದ ಛತ್ರಪತಿ ಸಂಭಾಜಿನಗರದಲ್ಲಿದ್ದೇನೆ. ಪತಿ ಚೇತನ ನಾಶಿಕದ ಹತ್ತಿರ, ಓಝರ್ ಬಳಿಯ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಮಗಳ ಶಾಲೆ ತಪ್ಪಬಾರದೆಂದು ಅವಳನ್ನು ನಾಶಿಕದಲ್ಲೇ ಬಿಟ್ಟು, ರಜೆಯ ಶನಿವಾರ ಬಂದರೆ ಮನ್ಮಾಡ್ ದಾಟಿ ಮನೆಗೆ ಹೋಗುತ್ತಿದ್ದೆ. ಎರಡು ಊರಲ್ಲಿ ಒಂದು ಸಂಸಾರ ನಡೆಸುವ ನಮ್ಮಂಥವರಲ್ಲಿ ಒಂದು ರೂಢಿಯಿದೆ. ಹೊರಡುವ ಮುನ್ನ ಖಾಲಿ ಹಾಳೆಗಳಿಗೆ ಸಹಿ ಹಾಕಿಟ್ಟು ಹೋಗುವುದು. "ನಾಕು ಹಾಳಿಗೆ ಸಹಿ ಮಾಡಿಟ್ಟು ಹೋಗ. ಸಾಲ್ಯಾಗ ಏನರ ಕೇಳಿದ್ರ ನಾ ಬರದು ಕೊಡತೀನಿ," ಎನ್ನುತ್ತಿದ್ದರು ಚೇತನ. ಮಾಡಿಟ್ಟೆ. ಮರುದಿನ ಬ್ಯಾಂಕಿನಲ್ಲಿ ಕುಳಿತು, ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ ಎಂದು ಗ್ರಾಹಕರಿಗೆ ಬುದ್ಧಿ ಹೇಳಿದೆ. ನಗು ಬಂದರೆ ನಗಿ, ನನ್ನದೇನೂ ಅಭ್ಯಂತರವಿಲ್ಲ.

ಆರು ತಿಂಗಳಿಂದ ನನಗೂ ಚೇತನರಿಗೂ ಸರಿಯಿಲ್ಲ. ಕಳೆದ ತಿಂಗಳು ಸ್ವೆಟರ್ ಕೊಳ್ಳಲು ಅಳತೆ ಕೇಳಲೆಂದು ಮಗಳಿಗೆ ಫೋನ್ ಮಾಡಿದೆ. ಅವಳಿಗೆ ನನ್ನ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಮರಾಠಿ ಬೆರೆಸಿ. "ಸ್ವೆಟರ್ ನಕೋ ಮಮ್ಮಾ. ಪಪ್ಪಾ ಹೇಳ್ಯಾರ, ಮಸ್ಕತ್‌ದಾಗ ಥಂಡೀಚ್ ನಸತೇ," ಎಂದಳು. ಸ್ವೆಟರ್ ಬೇಡ, ಅಲ್ಲಿ ಚಳಿಯೇ ಇಲ್ಲವಂತೆ. ಮಗಳು ದೇಶ ಬಿಡುವ ಸುದ್ದಿ ನನಗೆ ತಿಳಿದದ್ದು ಹೀಗೆ.

ನಿಮ್ಮ ಕಚೇರಿಗೆ ಬಂದೆ. ಸಿಬ್ಬಂದಿಯೊಬ್ಬರು ಕಡತ ತೆರೆದು ಪೋಷಕರ ಒಪ್ಪಿಗೆ ಪತ್ರ ತೋರಿಸಿದರು. ಮೇಲೆ ನಾನು ಬರೆಯದ ಸಾಲುಗಳು, ಕೆಳಗೆ ನನ್ನ ಸಹಿ. "ಸಹೀ ತುಮಚೀಚ್ ನಾ, ಮ್ಯಾಡಮ್?" ಎಂದು ಕೇಳಿದರು. ದಿನವಿಡೀ ಸಹಿ ತಾಳೆ ನೋಡುವವಳು ನಾನು. ಹೌದು, ನನ್ನದೇ ಎಂದೆ. ಅಳು ಬರುತ್ತದೆಂದುಕೊಂಡೆ, ಬರಲಿಲ್ಲ. ಸಿಟ್ಟೂ ಬರಲಿಲ್ಲ. ಒಪ್ಪಿಗೆ ಹಿಂದಕ್ಕೆ ಪಡೆಯುತ್ತೇನೆಂದು ಅಲ್ಲೇ ನಿಂತು ಬರೆದುಕೊಟ್ಟರೆ, ಅದಕ್ಕೆ ನಮೂನೆಯಿಲ್ಲ ಎಂದು ಮರಳಿಸಿದರು. ಒಪ್ಪಲು ನಮೂನೆಯಿದೆ, ಒಲ್ಲೆ ಎನ್ನಲು ಇಲ್ಲವೇ? ನಾನಿಲ್ಲದಾಗ ನನ್ನ ಸಹಿಯೊಂದೇ ಸಾಕಾಯಿತು. ಈಗ ನಾನೇ ಎದುರು ನಿಂತರೂ ಸಾಲದೇ?

ಪೊಲೀಸರ ಬಳಿ ಹೋಗಿ ಎಂದಿರಿ, ಹೋದೆ. ನಾನಿರುವ ಊರಿನ ಠಾಣೆಯಲ್ಲಿ, ಮಗು ಇರುವ ಊರಿಗೆ ಹೋಗಿ ಎಂದರು. ಮಗು ಇರುವ ಊರಿನ ಠಾಣೆಯಲ್ಲಿ, ಅಪ್ಪನ ಹತ್ತಿರ ಇರುವುದು ಅಪರಾಧವೇ ಎಂದು ನನ್ನನ್ನೇ ಕೇಳಿದರು. ವಕೀಲೆ ಅಂಬುಜಾ ನ್ಯಾಯಾಲಯದಲ್ಲಿ ತಡೆ ಕೋರಿದ್ದಾರೆ. ವಿಚಾರಣೆಗೆ ಇನ್ನೂ ಹನ್ನೆರಡು ದಿನ. "ಗಾಬರಿ ಆಗಬ್ಯಾಡ್ರಿ, ಆದರ ಕೈಕಟ್ಟಿ ಕೂಡಲೂಬ್ಯಾಡ್ರಿ," ಎಂದಿದ್ದಾರೆ. ಗಾಬರಿಯಾಗುವಷ್ಟು ಶಕ್ತಿ ನನ್ನಲ್ಲಿ ಉಳಿದಿಲ್ಲ. ಹದಿಮೂರನೆಯ ದಿನ ಅವಳು ಇಲ್ಲಿರದಿದ್ದರೆ, ಮಸ್ಕತ್ತು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದು ನೀವೆಲ್ಲರೂ ಒಂದೇ ದನಿಯಲ್ಲಿ ಹೇಳುವಿರಿ, ಅಲ್ಲವೇ?

ನಾನು ಕೇಳುವುದಿಷ್ಟೇ. ನನ್ನ ನಿರಾಕರಣೆಯನ್ನು ಆ ಕಡತದಲ್ಲಿ, ಆ ಒಪ್ಪಿಗೆ ಪತ್ರದ ಮೇಲೆಯೇ ಇಡಿ. ಸ್ವೀಕರಿಸಿದ್ದಕ್ಕೆ ಮೊಹರು ಹಾಕಿ ಕೊಡಿ. ನ್ಯಾಯಾಲಯ ಹೇಳುವವರೆಗೆ ಪ್ರಾಚಿಯ ಪಾಸ್‌ಪೋರ್ಟ್ ತಡೆಹಿಡಿಯಿರಿ. ನಾಳೆಯೂ ನಿಮ್ಮ ಕಿಟಕಿಯ ಮುಂದೆ ನಿಂತಿರುತ್ತೇನೆ.

ಸ್ವೆಟರ್ ಕೊಂಡಿದ್ದೇನೆ. ಮುಂದಿನ ಚಳಿಗೂ ಆಗಲೆಂದು ಒಂದು ಅಳತೆ ದೊಡ್ಡದನ್ನೇ ಆರಿಸಿದೆ.

ಇಂತಿ,
ಹಾಳೆ ತುಂಬಿದ ಮೇಲೆ ಸಹಿ ಹಾಕುವುದನ್ನು ಈಗಷ್ಟೇ ಕಲಿತ
ಪ್ರಿಯಂವದಾ, ಪ್ರಾಚಿಯ ತಾಯಿ