ಗುರುವಾರದ ತಟ್ಟೆಗಳು

ಚಾಮರಾಜನಗರ
೧೬ ನವೆಂಬರ್ ೨೦೨೪, ಶನಿವಾರ

ಪ್ರೀತಿಯ ಶಾಂತರಾಜು ಅವರಿಗೆ, ಕರ್ತನ ನಾಮದಲ್ಲಿ ನಿಮ್ಮ ಮಾನಸಳ ವಂದನೆಗಳು.

ಗಂಡನ ಹೆಸರು ಹಿಡಿದು ಬರೆದೆನೆಂದು ಅತ್ತೆಗೆ ಹೇಳಬೇಡಿ. ಹೇಗಿದ್ದೀರಿ? ಊಟಿಯ ಚಳಿಗೆ ಕೆಮ್ಮು ಹೆಚ್ಚಾಗಿಲ್ಲ ತಾನೆ? ಕಂದು ಸ್ವೆಟರು ಬ್ಯಾಗಿನ ತಳದಲ್ಲಿದೆ, ಹುಡುಕಿ ಹಾಕಿಕೊಳ್ಳಿ. ನಾನು ಇಟ್ಟದ್ದು ನಿಮ್ಮ ಕಣ್ಣಿಗೆ ಯಾವತ್ತು ಬಿದ್ದಿದೆ! ನಿಮ್ಮ ಸತ್ಯವೇದ ತರಬೇತಿಯವರು ಫೋನು ಇಸಿದುಕೊಂಡು ಭಾನುವಾರ ಮಾತ್ರ ಹತ್ತು ನಿಮಿಷ ಕೊಡುತ್ತಾರೆ, ಆಗಲೂ ನಿಮ್ಮ ಹಿಂದೆ ನಾಲ್ಕು ಜನ ಕಾಯುತ್ತಿರುತ್ತಾರೆ. ಇದು ಹಾಗೆ ಹೇಳಿ ಮುಗಿಸುವ ಮಾತಲ್ಲ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಅತ್ತೆ ಚೆನ್ನಾಗಿದ್ದಾರೆ. ನಾನು ಚೆನ್ನಾಗಿಲ್ಲ. ಎರಡು ದಿನದಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ಬೆಳಗ್ಗೆ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಭವ್ಯಳನ್ನು ನಾನು ಕೂಟದಿಂದ ಓಡಿಸಿಬಿಟ್ಟೆ.

ನೀವು ಹೋದ ಮೇಲೂ ಗುರುವಾರದ ಕೂಟ ಒಂದು ವಾರವೂ ತಪ್ಪಿಲ್ಲ. ಕಾಲೇಜು ಬಿಟ್ಟ ಕೂಡಲೇ ಹದಿನೈದು ಮಕ್ಕಳು ನಮ್ಮ ಪುಟ್ಟ ಹಾಲಿನಲ್ಲಿ ಒತ್ತಿಕೊಂಡು ಕೂರುತ್ತಾರೆ. ಸತ್ಯವೇದ ಓದುವುದು, ಎರಡು ಹಾಡು, ಪ್ರಾರ್ಥನೆ, ಆಮೇಲೆ ನನ್ನ ಚಿತ್ರಾನ್ನ. ಮಲ್ಲಿಕಾರ್ಜುನಸ್ವಾಮಿ ಎಷ್ಟು ಉದ್ದದ ಪ್ರಾರ್ಥನೆ ಶುರುಮಾಡಿದರೂ ಒಗ್ಗರಣೆ ವಾಸನೆ ಬಂದ ಕೂಡಲೇ ಆಮೆನ್ ಅಂದುಬಿಡುತ್ತಾನೆ. ಊಟವಾದ ಮೇಲೆ ತನ್ನ ತಟ್ಟೆ ಬಿಟ್ಟು ಇನ್ನೊಬ್ಬರ ತಟ್ಟೆ ತೊಳೆಯಬೇಕೆನ್ನುವ ಪದ್ಧತಿಯನ್ನು ಕಳೆದ ವರ್ಷ ನೀವು ತಂದಿರಲ್ಲ, ಭವ್ಯ ಕೂಟಕ್ಕೆ ಸೇರಿದ ಹೊಸತರಲ್ಲಿ, ಅದೂ ನಡೆದುಕೊಂಡು ಬಂದಿದೆ. ಯೇಸು ಶಿಷ್ಯರ ಕಾಲು ತೊಳೆದ, ನಮ್ಮ ಸೀಮೆಯಲ್ಲಿ ಕಾಲಿಗಿಂತ ಎಂಜಲು ತಟ್ಟೆ ದೊಡ್ಡದು ಎಂದು ಅವತ್ತು ಪಾಠ ಮಾಡಿದಿರಿ. ಎಲ್ಲ ಜಾತಿಯ ಮಕ್ಕಳೂ ಎಲ್ಲರ ಎಂಜಲನ್ನು ತೊಳೆಯುವುದನ್ನು ನೋಡಿ ನನ್ನ ಕಣ್ಣು ತುಂಬಿತ್ತು. ಸಭೆಯಲ್ಲಿ ಎದ್ದು ನಿಂತು, ಇಂಥ ಗಂಡನನ್ನು ಕೊಟ್ಟದ್ದಕ್ಕೆ ಸ್ತೋತ್ರ ಎಂದು ಸಾಕ್ಷಿಯನ್ನೂ ಹೇಳಿದೆ. ನೆನಪಿದೆಯಾ?

ಡಿಸೆಂಬರಿನಲ್ಲಿ ಗುಂಡ್ಲುಪೇಟೆಯಲ್ಲೇ ಒಂದು ಕೂಟ ಶುರುಮಾಡಿ ಅದನ್ನು ಭವ್ಯಳ ಕೈಗೆ ಕೊಡುವುದೆಂದು ನೀವು ಹೋಗುವಾಗ ಹೇಳಿದಿರಿ. ನನಗೂ ಸಂತೋಷವೇ ಆಗಿತ್ತು. ದಿನಾ ಗುಂಡ್ಲುಪೇಟೆಯಿಂದ ಬಸ್ಸಿನಲ್ಲಿ ಬಂದು ಓದುವ ಹುಡುಗಿ, ಪಾಠ ಬರೆದುಕೊಂಡು ಬರದ ವಾರವಿಲ್ಲ. ಮಿಕ್ಕವರು ಊಟಕ್ಕೆ ಕೂರುವಾಗಲೇ ಅವಳು ಹಿತ್ತಲ ನಲ್ಲಿಯ ಹತ್ತಿರ ನಿಂತಿರುತ್ತಾಳೆ, ನಾಲ್ಕು ಜನರ ತಟ್ಟೆ ಒಬ್ಬಳೇ ತೊಳೆಯುತ್ತಾಳೆ. ಅವಳದ್ದೆಂದು ನಾನು ತೆಗೆದಿಟ್ಟ ತಟ್ಟೆ ಮಾತ್ರ ಪ್ರತಿ ವಾರವೂ ಉಳಿಯುತ್ತಿತ್ತು. ಒಂದು ವಾರ ಉಪವಾಸ, ಒಂದು ವಾರ ಹೊಟ್ಟೆ ಸರಿಯಿಲ್ಲ, ಇನ್ನೊಂದು ವಾರ ಬಸ್ಸಿಗೆ ಹೊತ್ತಾಯಿತು. ನಾನು ಪೆದ್ದಿ, ಎಲ್ಲವನ್ನೂ ನಂಬಿದೆ. ಕಂಡುಹಿಡಿದವರು ಅತ್ತೆ. "ಆ ಮಗ ನಮ್ಮನೇಲಿ ತೊಟ್ಟು ನೀರೂ ಮುಟ್ಟಕಿಲ್ಲ ಕಣವ್ವ, ಬಾಟ್ಲಿ ತತ್ತಾಳೆ ನೋಡು" ಎಂದು ಬುಧವಾರ ಅಂದರು. ಚಂದಕವಾಡಿಯ ಹೊಲಗಳಲ್ಲಿ ಕೂಲಿ ಮಾಡುವಾಗ ಬೊಗಸೆಗೆ ಮೇಲಿಂದ ನೀರು ಹುಯ್ಯಿಸಿಕೊಂಡು ಕುಡಿದವರು ಅವರು. ಅಂಥದ್ದು ಅವರ ಕಣ್ಣಿಗೆ ತಪ್ಪುವುದಿಲ್ಲ. ಭವ್ಯ ಲಿಂಗವಂತರ ಹುಡುಗಿ, ನಾವು ಯಾವ ಬೀದಿಯಿಂದ ಬಂದವರೆಂದು ಅವಳಿಗೂ ಗೊತ್ತು.

ಮಾರನೆಯ ದಿನವೇ ಗುರುವಾರ. ನಿಮ್ಮ ಪಾಠದ ಪುಸ್ತಕದಲ್ಲಿ ಆ ವಾರಕ್ಕೆ ಬಂದದ್ದೂ ಪೇತ್ರನ ಕಥೆಯೇ. ಅನ್ಯರ ಜೊತೆ ಕೂತು ಉಣ್ಣುತ್ತಿದ್ದವನು ತನ್ನ ಕಡೆಯವರು ಬಂದ ಕೂಡಲೇ ಎದ್ದು ದೂರ ಸರಿದದ್ದು, ಪೌಲ ಅವನನ್ನು ಎಲ್ಲರ ಎದುರು ತರಾಟೆಗೆ ತೆಗೆದುಕೊಂಡದ್ದು. ನಾನು ಬೇಕೆಂದೇ ಭವ್ಯಳಿಂದ ಓದಿಸಿದೆ. ಅರ್ಧಕ್ಕೆ ಅವಳು ಸತ್ಯವೇದ ಮುಚ್ಚಿ ಕೆಳಗಿಟ್ಟಳು. ಅಲ್ಲಿಗೆ ಬಿಡಬಹುದಿತ್ತು. ನಾನು ಬಿಡಲಿಲ್ಲ. ತಟ್ಟೆ ತಂದು ಅವಳ ಮುಂದೆ ಕುಕ್ಕಿ, ಉಂಡರೆ ಇರು, ಇಲ್ಲದಿದ್ದರೆ ಇನ್ನು ಈ ಮನೆಗೆ ಬರಬೇಡ ಎಂದೆ. ಹದಿನಾಲ್ಕು ಮಕ್ಕಳು ನೋಡುತ್ತಿದ್ದರು. ಅವಳು ಅಳುತ್ತಾ ಎದ್ದು ಹೋದಳು, ನೀರಿನ ಬಾಟಲಿ ಕಿಟಕಿಯಲ್ಲೇ ಉಳಿಯಿತು. ನನಗೆ ಸಿಟ್ಟು ಇನ್ನೂ ಹೋಗಿಲ್ಲ ರೀ, ಆದರೆ ನಾಚಿಕೆಯೂ ಆಗಿದೆ. ಎರಡೂ ಒಟ್ಟಿಗೆ ಇದ್ದರೆ ನಿದ್ದೆ ಎಲ್ಲಿಂದ ಬರಬೇಕು?

ನಿನ್ನೆ ಆ ಬಾಟಲಿ ಕೊಡುವ ನೆಪ ಮಾಡಿಕೊಂಡು ಗುಂಡ್ಲುಪೇಟೆಗೆ ಹೋದೆ. ಮನೆಯಲ್ಲಿ ಅವಳ ಅಜ್ಜಿ ಕರಿಬಸಮ್ಮನವರಿದ್ದರು, ಮೊಮ್ಮಗಳನ್ನು ಸಾಕಿ ಬೆಳೆಸಿದವರು ಅವರೇ. ಒಳ್ಳೆಯ ಹೆಂಗಸು. ಜಗಲಿಯ ಮೇಲೆ ಚಾಪೆ ಹಾಸಿದರು, ಮುಡಿಯಲು ಸೇವಂತಿಗೆ ಕೊಟ್ಟರು. "ಓದನಾರಾ ಓದು, ಆಡನಾರಾ ಆಡು, ಅಲ್ಲಿ ಬಾಯ್ಗೆ ಮಾತ್ರ ಏನೂ ಆಕ್ಬ್ಯಾಡ ಅಂತ ಲಿಂಗ ಮುಟ್ಟಿಸಿ ಆಣೆ ತಕಂಡಿವ್ನಿ ಕಣವ್ವ, ಅವಳ್ದೇನೂ ತಪ್ಪಿಲ್ಲ" ಎಂದರು. ಆ ಒಪ್ಪಂದದ ಮೇಲೆಯೇ ಅವಳನ್ನು ನಮ್ಮಲ್ಲಿಗೆ ಕಳಿಸಿದ್ದಂತೆ. ಎಂಜಲು ತಟ್ಟೆ ತೊಳೆಯುವ ವಿಷಯ ಅಜ್ಜಿಗೆ ಗೊತ್ತಿಲ್ಲ, ನಾನೂ ಹೇಳಲಿಲ್ಲ. ನನಗೆ ಅಂಗಡಿಯಿಂದ ಪೇಪರ್ ಲೋಟದಲ್ಲಿ ಕಾಫಿ ತರಿಸಿಕೊಟ್ಟರು. ಕುಡಿದು ಲೋಟವನ್ನು ನಾನೇ ಬೀದಿಯ ಬುಟ್ಟಿಗೆ ಹಾಕಿದೆ. ಯಾರೂ ತೊಳೆಯಬೇಕಾಗಲಿಲ್ಲ.

ಒಳಗಿದ್ದ ಭವ್ಯ ಬಸ್‌ಸ್ಟ್ಯಾಂಡಿನವರೆಗೂ ಜೊತೆಗೆ ಬಂದಳು. ಮಕ್ಕಳ ಮುಂದೆ ಹಾಗೆ ಮಾತಾಡಬಾರದಿತ್ತು ಎಂದು ಕ್ಷಮೆ ಕೇಳಿದೆ. ಅವಳೂ ಕೇಳಿದಳು. ಆಮೇಲೆ ಒಂದು ಮಾತು ಹೇಳಿದಳು. ಅದನ್ನು ಹೇಗೆ ಬರೆಯಬೇಕೆಂದು ತಿಳಿಯದೆ ಬೆಳಗಿನಿಂದ ಮೂರು ಹಾಳೆ ಹರಿದಿದ್ದೇನೆ.

ಅತ್ತೆ ನಿಮಗೆ ಆಶೀರ್ವಾದ ಹೇಳಿದ್ದಾರೆ, ಬಿಸಿನೀರು ಕುಡಿಯಬೇಕಂತೆ. ನಿಮ್ಮ ಜೊತೆ ಕಲಿಯುತ್ತಿರುವವರಿಗೆಲ್ಲ ನನ್ನ ವಂದನೆ ತಿಳಿಸಿ. ದೇವರು ನಿಮ್ಮನ್ನು ಕಾಯಲಿ.

ನಿಮ್ಮ
ಮಾನಸ

ತಾ.ಕ.: ಈ ಕಾಗದ ಒಯ್ಯಲು ಬಂದ ಊಟಿ ಬಸ್ಸಿನ ಕಂಡಕ್ಟರ್ ಸೋಮಶೇಖರ್ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾರೆ. ಬರೆದೇಬಿಡುತ್ತೇನೆ. ಆಣೆಯ ವಿಷಯವನ್ನು ಭವ್ಯ ಮೊದಲ ವಾರವೇ ನಿಮಗೆ ಹೇಳಿದ್ದಳಂತೆ. "ನಿಮ್ಮ ಮಾನಸಕ್ಕಂಗೆ ಗೊತ್ತಾದ್ರೆ ನೊಂದ್ಕತಾಳೆ ಕಣಮ್ಮಿ, ಊಟದೊತ್ಲಿ ತಟ್ಟೆ ತೊಳೆಯಕೆ ನಿಂತ್ಕಬುಡು, ಯಾರ್ಗೂ ತಿಳಿಯಲ್ಲ" ಎಂದಿರಂತೆ ನೀವು. ಮುಂದಿನ ವಾರವೇ ಆ ಪದ್ಧತಿ ತಂದಿರಿ. ನಾನು ಸಭೆಯಲ್ಲಿ ಸಾಕ್ಷಿ ಹೇಳುವಾಗ ನೀವು ತಲೆ ತಗ್ಗಿಸಿ ಕೂತಿದ್ದಿರಿ, ದೀನತೆ ಎಂದುಕೊಂಡೆ. ವರ್ಷವೆಲ್ಲ ಅವಳಿಗೆಂದು ತಟ್ಟೆ ತೆಗೆದಿಟ್ಟೆನಲ್ಲ, ಅದನ್ನೂ ನೋಡುತ್ತಲೇ ಇದ್ದಿರಿ. ಬರುವ ಗುರುವಾರ ರಜೆ ಕೇಳಿ ಬನ್ನಿ. ಭವ್ಯ ಬರುತ್ತಾಳೆ. ತಾನು ಯಾಕೆ ಉಣ್ಣುವುದಿಲ್ಲವೆಂದು ಎಲ್ಲರೆದುರು ಅವಳೇ ಹೇಳುತ್ತಾಳಂತೆ. ಅವಳಾದ ಮೇಲೆ ನೀವು ಹೇಳಬೇಕು. ಹೇಳಿ, ಉಂಡು, ಎಂಜಲು ಕೈಯಲ್ಲೇ ಕೂತಿರಿ. ಆವತ್ತು ನಿಮ್ಮ ತಟ್ಟೆ ತೊಳೆಯುವವಳು ನಾನು.